ಮಾಲೀಕರ ಮಾತು ಎಲ್ಲೈತಿ?

ಎರಡು ವರ್ಷದ ಹಿಂದೆ ನಿಪ್ಪಾಣಿಯ ಒಂದು ಸಭಾಂಗಣದಲ್ಲಿ ಮೂವತ್ತು ಮೂವತ್ತೈದು ಜನ ಸೇರಿ ಒಂದು ಹಳೆಯ ಚಿತ್ರ ನೋಡಿದೆವು. ಕಪ್ಪು ಬಿಳುಪು, ಮರಾಠಿ ಮಾತು, ಇಪ್ಪತ್ತೈದು ನಿಮಿಷ. ಹೆಸರು ‘ತಂಬಾಕು ಚಾಕೀಲಾ ಊಬ್ ಆಲಿ’. ಊಬ್ ಅಂದರೆ ಬಿಸುಪು. ತಂಬಾಕಿಗೆ ಕಾವು ಏರಿತು ಅಂದುಕೊಳ್ಳಿ. 1982ರಲ್ಲಿ ಇದೇ ಊರಿನ ತಂಬಾಕು ವಖಾರಿಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಜೊತೆ ಕೂಡಿ ತೆಗೆದ ಚಿತ್ರ. ಕಿಟಕಿಗೆ ಜಮಖಾನೆ ಕಟ್ಟಿ, ಲ್ಯಾಪ್‌ಟಾಪಿನಿಂದ ಸುಣ್ಣದ ಗೋಡೆಯ ಮೇಲೆ ಬಿಟ್ಟು ನೋಡಿದ್ದು. ಮುಗಿದು ಲೈಟು ಹತ್ತಿದ ಕೂಡಲೇ ಮೊದಲು ಎದ್ದವರು ಒಬ್ಬ ಯುವ ಅಧ್ಯಾಪಕರು.

“ಎಲ್ಲಾ ಸರಿ ಐತ್ರಿ. ಆದ್ರ ಮಾಲೀಕರ ಮಾತು ಎಲ್ಲೈತಿ? ಒಂದಾ ಕಡೀದು ಆತಲ್ರಿ ಇದು. ಸಾಕ್ಷ್ಯಚಿತ್ರ ಅಂದಮ್ಯಾಲ ಬ್ಯಾಲೆನ್ಸ್ ಇರಬೇಕು.”

ಹತ್ತಾರು ತಲೆ ಹೌದೆಂದು ಆಡಿದವು. ಅಧ್ಯಾಪಕರು ಕೆಟ್ಟವರಲ್ಲ, ಯಾವ ಮಾಲೀಕರ ಮನೆಯವರೂ ಅಲ್ಲ. ಓದಿದವರು, ವಿದ್ಯಾರ್ಥಿಗಳಿಗೆ ಬೇಕಾದವರು. ಅದಕ್ಕೇ ಈ ಮಾತನ್ನು ಅಲ್ಲಿಗೇ ಬಿಡಲು ನನಗೆ ಆಗಲಿಲ್ಲ. ಕೆಟ್ಟವರು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದು ಒಳ್ಳೆಯವರ ನಂಬಿಕೆ. ಬೆಂಗಳೂರಿನ ಚಿತ್ರೋತ್ಸವದ ಚರ್ಚೆಯಲ್ಲಿ, ಪತ್ರಿಕೆಯ ಸಂಪಾದಕೀಯ ಕೋಣೆಯಲ್ಲಿ, ಪತ್ರಿಕೋದ್ಯಮದ ತರಗತಿಯಲ್ಲಿ, ಕ್ಯಾಮೆರಾ ಹಿಡಿಯುವ ಹುಡುಗ ಹುಡುಗಿಯರ ಬಾಯಲ್ಲಿ ಕೂಡ ನಾನು ಇದನ್ನೇ ಕೇಳಿದ್ದೇನೆ. ಸಾಕ್ಷ್ಯಚಿತ್ರ ಕನ್ನಡಿ ಇದ್ದಂತೆ, ಎರಡೂ ಕಡೆ ತೋರಿಸಿ ತೀರ್ಮಾನ ನೋಡುಗರಿಗೆ ಬಿಡಬೇಕು, ಒಂದು ಕಡೆ ವಾಲಿತೋ ಅದು ಪ್ರಚಾರ. ಇಷ್ಟೇ ಆ ನಂಬಿಕೆ. ಇದು ತಪ್ಪು. ತಪ್ಪು ಅಷ್ಟೇ ಅಲ್ಲ, ಯಾರಿಗೋ ಅನುಕೂಲವಾಗುವ ತಪ್ಪು.

ಮೊದಲು ಪದವನ್ನೇ ಹಿಡಿದು ನೋಡೋಣ. ಡಾಕ್ಯುಮೆಂಟರಿಗೆ ನಾವು ಇಟ್ಟುಕೊಂಡ ಹೆಸರು ಸಾಕ್ಷ್ಯಚಿತ್ರ. ಸೊಗಸಾದ ಪದ, ಆದರೆ ಅದರೊಳಗೆ ಕೋರ್ಟು ಕಚೇರಿ ಕೂತಿದೆ. ಸಾಕ್ಷಿ ಅಂದಕೂಡಲೇ ನಮಗೆ ತಟಸ್ಥ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಒಂದು ದಿನವಾದರೂ ಚಿಕ್ಕೋಡಿ ಕೋರ್ಟಿನ ಪಡಸಾಲೆಯಲ್ಲಿ ಕೂತವರನ್ನು ಕೇಳಿ. ಅಲ್ಲಿ ಸಾಕ್ಷಿಗೆ ಯಾವಾಗಲೂ ಒಂದು ಕಡೆ ಇರುತ್ತದೆ. ವಾದಿಯ ಸಾಕ್ಷಿ, ಪ್ರತಿವಾದಿಯ ಸಾಕ್ಷಿ, ಪ್ರಾಸಿಕ್ಯೂಶನ್ ಸಾಕ್ಷಿ. ಯಾರ ಕಡೆಯೂ ಅಲ್ಲದ ಸಾಕ್ಷಿಯನ್ನು ಯಾವ ವಕೀಲನೂ ಕಟಕಟೆಗೆ ಹತ್ತಿಸುವುದಿಲ್ಲ. ಸಾಕ್ಷಿಯಿಂದ ಕೋರ್ಟು ಕೇಳುವುದು ಒಂದೇ: ಕಂಡದ್ದನ್ನು ಕಂಡ ಹಾಗೆ ಹೇಳು, ಪಾಟೀಸವಾಲಿಗೆ ನಿಲ್ಲು. ಎರಡೂ ಕಡೆಯವರ ಪರವಾಗಿ ಸಮನಾಗಿ ಮಾತಾಡು ಎಂದು ಯಾವ ನ್ಯಾಯಾಧೀಶರೂ ಸಾಕ್ಷಿಗೆ ಹೇಳಿದ್ದಿಲ್ಲ. ಎರಡೂ ಕಡೆ ಕೇಳಬೇಕಾದವರು ನ್ಯಾಯಾಧೀಶರು. ನಮ್ಮ ಬ್ಯಾಲೆನ್ಸ್‌ವಾದಿಗಳು ಸಾಕ್ಷಿಯನ್ನು ತಂದು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಇವನಿಗೆ ನ್ಯಾಯ ಹೇಳಲು ಬರುವುದಿಲ್ಲ ಎಂದು ದೂರುತ್ತಿದ್ದಾರೆ.

ತಟಸ್ಥ ಎಂಬ ಪದವೂ ಅಷ್ಟೇ. ತಟದಲ್ಲಿ, ಅಂದರೆ ದಂಡೆಯಲ್ಲಿ ನಿಂತವನು ಎಂದು ಅದರ ಮೂಲ ಅರ್ಥ. ನಿಪ್ಪಾಣಿಗೆ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ 2019ರಲ್ಲೂ 2021ರಲ್ಲೂ ಉಕ್ಕಿ ಹೆದ್ದಾರಿಯ ಮೇಲೇ ಹರಿದಾಗ ದಂಡೆಯಲ್ಲಿ ನಿಂತು ಮೊಬೈಲು ಎತ್ತಿ ಹಿಡಿದವರು ಸಾಕಷ್ಟು ಜನ ಇದ್ದರು. ಅವರ ವಿಡಿಯೋದಲ್ಲಿ ನೀರು ಚೆನ್ನಾಗಿ ಕಾಣುತ್ತದೆ. ಮನೆಯೊಳಗೆ ಜೋಳದ ಚೀಲ ಎಲ್ಲಿತ್ತು, ದನದ ಹಗ್ಗ ಬಿಚ್ಚಿದವರು ಯಾರು, ಅದು ಕಾಣುವುದಿಲ್ಲ. ದಂಡೆಯಿಂದ ಕಾಣುವುದು ದಂಡೆಯಿಂದ ಕಾಣುವಷ್ಟೇ. ಅದನ್ನೇ ಪೂರ್ಣ ನೋಟ ಅನ್ನುವುದು ದಂಡೆಯವರ ದೊಡ್ಡಸ್ತಿಕೆ.

ಇನ್ನು ಚಿತ್ರದ ಮಾತು. ನಿಪ್ಪಾಣಿ ಹೆಸರು ಮಾಡಿದ್ದೇ ಬೀಡಿ ತಂಬಾಕಿನಿಂದ. ಎಲೆ ಹೊಲದಲ್ಲಿ ಒಣಗಿ ವಖಾರಿಗೆ ಬಂದಮೇಲೆ ಅದನ್ನು ಬಡಿದು, ಪುಡಿ ಮಾಡಿ, ಕಡ್ಡಿ ಬೇರೆ ಜರ್ದಾ ಬೇರೆ ಮಾಡಿ, ಸಾಣಿಗಿ ಹಿಡಿದು, ಚೀಲ ತುಂಬುವ ಕೆಲಸ ಬಹುಪಾಲು ಹೆಂಗಸರದು. ಈ ಕೆಲಸದ ಬಗ್ಗೆ ಬರೆಯುವಾಗ ಎಲ್ಲರೂ ‘ಧೂಳು’ ಅನ್ನುತ್ತಾರೆ. ಆ ಪದ ಸಾಲದು. ತಂಬಾಕಿನದು ಘಾಟು. ರಸ್ತೆಯ ಧೂಳು ಮೂಗಿಗೆ ಬರುತ್ತದೆ, ಘಾಟು ಗಂಟಲ ಒಳಗೆ ಇಳಿದು ಕೂರುತ್ತದೆ. ಹೊಸಬರಿಗೆ ತಲೆ ಗಿರ್ ಅನ್ನುತ್ತದೆ, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡು ಕೂತರೂ ಸಂಜೆ ಮನೆಗೆ ಹೋಗುವಾಗ ಕೂದಲಲ್ಲಿ, ಕುಪ್ಪಸದಲ್ಲಿ, ಉಗುರು ಸಂದಿಯಲ್ಲಿ ಅದೇ. ನಿಪ್ಪಾಣಿಯ ಹಳೆಯ ವಖಾರಿ ಓಣಿಗಳಲ್ಲಿ ಮಳೆಗಾಲದ ಮೊದಲ ಹನಿ ಬಿದ್ದಾಗ ನನಗೆ ಮಣ್ಣಿನ ವಾಸನೆಗಿಂತ ಮೊದಲು ಇದೇ ಬಂದದ್ದುಂಟು.

ಈ ಹೆಂಗಸರು 1980ರ ಸುಮಾರಿಗೆ ಸಂಘ ಕಟ್ಟಿಕೊಂಡರು. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ. ಪ್ರೊ. ಸುಭಾಷ ಜೋಶಿ ಅದರ ಮುಂದಾಳು, ಮುಂದೆ ಶಾಸಕರೂ ಆದರು. ಸಂಘದಲ್ಲಿ ಮೂರು ಸಾವಿರದಷ್ಟು ಹೆಂಗಸರು. ಅಸಂಘಟಿತ ಎಂದು ಸರ್ಕಾರದ ಕಾಗದ ಕರೆಯುವ ವಲಯದಲ್ಲಿ, ಕೂಲಿ ಕೇಳಿದರೆ ನಾಳೆ ಬರಬೇಡ ಅನ್ನುವ ಕಡೆ, ಮೂರು ಸಾವಿರ. ಕೂಲಿ, ಕೆಲಸದ ಹೊತ್ತು, ಮೇಲಿನವರ ಕೈಬಾಯಿ, ಇವು ಅವರ ತಕರಾರು. ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ಯುಗಾಂತರ್ ಎಂಬ ಚಿತ್ರತಂಡ ಇವರನ್ನು ಹುಡುಕಿಕೊಂಡು ಬಂತು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಕ್ಯಾಮೆರಾಕ್ಕೆ ನವರೋಜ್ ಕಾಂಟ್ರಾಕ್ಟರ್. ಅದಕ್ಕೂ ಮೊದಲು ಪುಣೆಯ ಮನೆಗೆಲಸದವರ ಸಂಘಟನೆಯ ಮೇಲೆ ‘ಮೋಲಕರೀಣ್’ ಮಾಡಿದ್ದರು. ಆಮೇಲೆ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ಒಂದು, ಚಿಪ್ಕೊ ಚಳವಳಿಯ ಹೆಣ್ಣುಮಗಳೊಬ್ಬಳ ಮೇಲೆ ಒಂದು. ನಾಲ್ಕೇ ಚಿತ್ರ. ನಿಪ್ಪಾಣಿಯಲ್ಲಿ ಬಂದ ದಿನವೇ ಕ್ಯಾಮೆರಾ ಬಿಚ್ಚಲಿಲ್ಲ. ತಿಂಗಳುಗಟ್ಟಲೆ ಹೆಂಗಸರ ಜೊತೆ ಕೂತು, ಮಾತು ಕೇಳಿ, ಏನನ್ನು ತೋರಿಸಬೇಕು ಎಂಬುದನ್ನು ಅವರ ಜೊತೆಗೇ ನಿರ್ಧರಿಸಿ ತೆಗೆದರು. ಹೊರಗಿನವರ ಕಣ್ಣಿಗೆ ಬೀಳದ ವಖಾರಿಯ ಒಳಗಿನ ಕೆಲಸ ಚಿತ್ರದಲ್ಲಿದೆ, ಸಭೆ ಇದೆ, ಮುಷ್ಕರ ಇದೆ. ಮಾತಾಡುವವರು ಹೆಂಗಸರೇ. ಹಿಂದಿನಿಂದ ಗಂಭೀರ ಗಂಡುದನಿಯಲ್ಲಿ ಯಾರೋ ನಮಗೆ ಪಾಠ ಹೇಳುವುದಿಲ್ಲ.

ಮಾಲೀಕರ ಮಾತು ಇಲ್ಲ, ನಿಜ.

ಯಾಕಿರಬೇಕು? ಮಾಲೀಕರ ಮಾತು ಕೇಳದೆ ಉಳಿದ ಒಂದು ದಿನವಾದರೂ ನಿಪ್ಪಾಣಿಯ ಇತಿಹಾಸದಲ್ಲಿ ಇದೆಯೇ? ಕೂಲಿಯ ದರ ಮಾಲೀಕರ ಮಾತು. ಬಾಗಿಲು ತೆಗೆಯುವ ಹೊತ್ತು ಮಾಲೀಕರ ಮಾತು. ನಾಳೆ ಬರಬೇಡ ಅನ್ನುವುದು ಮಾಲೀಕರ ಮಾತು. ಬೀಡಿ ಕಟ್ಟಿನ ಮೇಲಿನ ಲೇಬಲ್ಲು, ಗೋಡೆಯ ಮೇಲಿನ ಬಣ್ಣದ ಜಾಹೀರಾತು, ಹೊಸ ವರ್ಷಕ್ಕೆ ಕಿರಾಣಿ ಅಂಗಡಿಗೆ ಬರುವ ದೇವರ ಕ್ಯಾಲೆಂಡರು, ಇವೆಲ್ಲ ಯಾರ ಮಾತು? ಆ ದಿನ ನಾವು ಚಿತ್ರ ನೋಡಿದ ಸಭಾಂಗಣದ ಬಾಗಿಲ ಮೇಲೇ ಅಮೃತಶಿಲೆಯ ಫಲಕ ಇತ್ತು. ದೇಣಿಗೆ ಕೊಟ್ಟವರ ಹೆಸರುಗಳು, ಅದರಲ್ಲಿ ತಂಬಾಕು ವ್ಯಾಪಾರದ ಮನೆತನಗಳೂ ಇದ್ದವು. ಅವರ ಹೆಸರು ಇಲ್ಲಿ ಬೇಡ. ದಾನ ಕೊಟ್ಟದ್ದು ತಪ್ಪೂ ಅಲ್ಲ. ಆದರೆ ಕಲ್ಲಿನಲ್ಲಿ ಕೊರೆದ ಮಾತಿಗೆ ಎದುರಾಗಿ ಸುಣ್ಣದ ಗೋಡೆಯ ಮೇಲೆ ಇಪ್ಪತ್ತೈದು ನಿಮಿಷ ಬಂದುಹೋದ ಬೆಳಕಿಗೆ ನಾವು ‘ಬ್ಯಾಲೆನ್ಸ್ ಇಲ್ಲ’ ಎಂದೆವು.

ಈ ಸೀಮೆಯ ರೈತರಿಗೆ ತಕ್ಕಡಿಯ ಬಗ್ಗೆ ಪಾಠ ಹೇಳಬೇಕಾಗಿಲ್ಲ. ದಂಡಿಗೆಯೇ ಒಂದು ಕಡೆ ವಾಲಿದ್ದರೆ ಎರಡೂ ತಟ್ಟೆಗೆ ಸಮ ತೂಕ ಇಟ್ಟವನು ವ್ಯಾಪಾರಿಯ ಕಡೆಯವನು. ಕಂಪನಿಯವನಿಗೆ ಹತ್ತು ನಿಮಿಷ, ಕೂಲಿಯವಳಿಗೆ ಹತ್ತು ನಿಮಿಷ ಕೊಟ್ಟ ಚಿತ್ರ ನನ್ನ ಪ್ರಕಾರ ಹೀಗೆ ತೂಗಿದ ಚಿತ್ರ.

ಬ್ಯಾಲೆನ್ಸಿನ ಈ ಬೇಡಿಕೆ ಎಲ್ಲ ಚಿತ್ರಗಳಿಗೂ ಒಂದೇ ಸಮನಾಗಿ ಅನ್ವಯವಾಗಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಹಾಗೆ ಆಗುವುದೇ ಇಲ್ಲ. 2012ರ ಅಕ್ಟೋಬರಿನಿಂದ ನಮ್ಮ ಚಿತ್ರಮಂದಿರಗಳಲ್ಲಿ ಸಿನಿಮಾ ಶುರುವಾಗುವ ಮೊದಲು, ಮತ್ತೆ ಮಧ್ಯಂತರದಲ್ಲಿ, ತಂಬಾಕಿನ ವಿರುದ್ಧದ ತುಣುಕು ಚಿತ್ರ ತೋರಿಸುತ್ತಾರೆ. ಆಸ್ಪತ್ರೆ ಹಾಸಿಗೆ, ಬಾಯಿಯ ಹುಣ್ಣು, ಭಾರವಾದ ದನಿ. ಕಡಲೆಕಾಯಿ ತಿನ್ನುತ್ತ ನಾವೆಲ್ಲ ನೋಡಿದ್ದೇವೆ, ಹುಡುಗರು ಅದನ್ನು ಅಣಕಿಸಿ ನಕ್ಕದ್ದೂ ಉಂಟು. ಅದಕ್ಕಿಂತ ಏಕಪಕ್ಷೀಯ ಚಿತ್ರ ಈ ದೇಶದಲ್ಲಿ ಇದೆಯೇ? ಆದರೂ ಬಾಲ್ಕನಿಯಿಂದ ಎದ್ದು ನಿಂತು “ಬೀಡಿ ಕಂಪನಿಯವರ ಅಭಿಪ್ರಾಯ ಎಲ್ಲೈತಿ?” ಎಂದು ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ. ಆ ಅಧ್ಯಾಪಕರೂ ಕೂಗಿರಲಾರರು. ಸೇದುವವನ ಗಂಟಲಿಗೆ ಎರಡು ಕಡೆ ಬೇಡ. ಸಾಣಿಗಿ ಹಿಡಿದವಳ ಗಂಟಲಿಗೆ ಬೇಕು. 2016ರಿಂದ ಬೀಡಿ ಕಟ್ಟಿನ ಮೇಲೆ ನೂರಕ್ಕೆ 85ರಷ್ಟು ಜಾಗದಲ್ಲಿ ರೋಗದ ಚಿತ್ರ ಇರಬೇಕೆಂಬ ನಿಯಮ ಬಂತು. ಅಲ್ಲಿಯೂ ಸೇದಿದವನ ರೋಗವೇ. ಕಟ್ಟಿದವಳದು, ಬಡಿದವಳದು, ಜಾಲಿಸಿದವಳದು ಅಲ್ಲಿಲ್ಲ. ಸೇದುವವನ ಮೇಲೆ ನಮಗಿರುವ ಕನಿಕರದ ಕಾಲು ಭಾಗ ಇವರ ಮೇಲೆ ಇದ್ದಿದ್ದರೆ ‘ಇನ್ನೊಂದು ಕಡೆ’ಯ ನೆನಪು ಅಷ್ಟು ಬೇಗ ಬರುತ್ತಿರಲಿಲ್ಲ.

ಸರ್ಕಾರದ ಚಿತ್ರಗಳದು ಇನ್ನೊಂದು ಕಥೆ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ಪ್ರತಿ ಟಾಕೀಸೂ ತೋರಿಸಲೇಬೇಕು ಎಂಬುದು ದಶಕಗಳ ಕಾಲ ಲೈಸೆನ್ಸಿನ ಷರತ್ತಾಗಿತ್ತು. ನನ್ನ ವಯಸ್ಸಿನವರಿಗೆ ಡಾಕ್ಯುಮೆಂಟರಿ ಅಂದರೆ ಸಿನಿಮಾಕ್ಕೆ ಮೊದಲು ಬರುವ ಅಣೆಕಟ್ಟು, ಟ್ರಾಕ್ಟರು, ರಿಬ್ಬನ್ ಕತ್ತರಿಸುವ ಮಂತ್ರಿ. ಅಣೆಕಟ್ಟಿನ ಚಿತ್ರದಲ್ಲಿ ಮುಳುಗಡೆಯವರ ಮಾತು ಎಲ್ಲಿ ಎಂದು ನಾವು ಯಾವ ಟಾಕೀಸಿನಲ್ಲಿ ಕೇಳಿದೆವು? ಬೀಡಿ ಹಚ್ಚಲು ಹೊರಗೆ ಹೋದೆವು, ಅಷ್ಟೇ.

ಇದು ಬರೀ ಸಭಾಂಗಣದ ಚರ್ಚೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಬ್ಯಾಲೆನ್ಸ್ ಎಂಬ ಮಾತು ಅಧಿಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ. ಭೋಪಾಲದ ಅನಿಲ ದುರಂತ 1984ರ ಡಿಸೆಂಬರಿನದು. ಅದರ ಮೇಲೆ ತಪನ್ ಬೋಸ್, ಸುಹಾಸಿನಿ ಮೂಳೆ ಮೊದಲಾದವರು ‘ಬಿಯಾಂಡ್ ಜೆನೊಸೈಡ್’ ಎಂಬ ಚಿತ್ರ ತೆಗೆದರು. ಅದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವೂ ಬಂತು. ಕೊಟ್ಟದ್ದು ಸರ್ಕಾರವೇ. ದೂರದರ್ಶನದಲ್ಲಿ ಹಾಕಿ ಎಂದು ಕೇಳಿದರೆ ದೂರದರ್ಶನ ಒಲ್ಲೆ ಅಂದಿತು. ಕಾರಣಗಳ ಪಟ್ಟಿಯೇ ಇತ್ತು: ವಿಷಯ ಹಳತಾಯಿತು, ಸಂಯಮ ಇಲ್ಲ, ಪರಿಹಾರದ ಮೊಕದ್ದಮೆಗಳು ಕೋರ್ಟಿನಲ್ಲಿವೆ, ರಾಜ್ಯ ಸರ್ಕಾರವನ್ನು ಟೀಕಿಸಿದೆ. ಜೊತೆಗೆ, ಚಿತ್ರ ನ್ಯಾಯಯುತವೂ ಸಮತೋಲನದ್ದೂ ಅಲ್ಲ! ಸಾವಿರಾರು ಜನ ಉಸಿರುಗಟ್ಟಿ ಸತ್ತ ಊರಿನ ಬಗ್ಗೆ ಸಮತೋಲನ ಬೇಕಾಗಿತ್ತು ಅವರಿಗೆ. 1992ರಲ್ಲಿ ಸುಪ್ರೀಂ ಕೋರ್ಟು ಈ ಕಾರಣಗಳನ್ನು ಒಪ್ಪಲಿಲ್ಲ, ಸರ್ಕಾರವನ್ನು ಟೀಕಿಸಿದೆ ಎಂಬ ಮಾತ್ರಕ್ಕೆ ಚಿತ್ರವನ್ನು ತಡೆಯುವಂತಿಲ್ಲ ಅಂದಿತು. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿದ್ದವು. ‘ಹಳತಾಯಿತು’ ಎಂಬ ಕಾರಣವನ್ನು ತಡೆದವರೇ ತಯಾರಿಸಿಕೊಟ್ಟಿದ್ದರು.

ನಮ್ಮ ಸೀಮೆಗೆ ಬರೋಣ. ಸಿನಿಮಾ ಬರುವುದಕ್ಕೆ ಮೊದಲೇ ಬೆಳಗಾವಿ, ಬಾಗಲಕೋಟೆ ಕಡೆಯ ಜನ ನಡೆದದ್ದನ್ನು ಕಟ್ಟಿ ತೋರಿಸುತ್ತಿದ್ದರು. ಬೈಲಹೊಂಗಲದ ಕಡೆ ನಡೆದದ್ದೆಂದು ಜನ ನಂಬುವ ಒಂದು ಕೊಲೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಯಿತು. 1857ರಲ್ಲಿ ಹಲಗಲಿಯ ಬೇಡರು ಹತಾರು ಒಪ್ಪಿಸುವುದಿಲ್ಲ ಎಂದು ಕುಂಪಣಿಯ ಎದುರು ನಿಂತದ್ದು ಲಾವಣಿಯಾಯಿತು, ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಆ ಲಾವಣಿಯಲ್ಲಿ ಕುಂಪಣಿಯ ಹುಕುಮು ಬರುತ್ತದೆ. ಅದೇನು ಹೇಳಿತು ಎಂಬುದನ್ನು ಲಾವಣಿಕಾರ ಮುಚ್ಚಿಡುವುದಿಲ್ಲ. ಊರಿನವರೊಳಗಿನ ಮಾತುಕತೆ ಬರುತ್ತದೆ, ಸುಟ್ಟದ್ದು, ಸತ್ತವರು, ಲೂಟಿಯಾದ ಸಾಮಾನು ಒಂದೊಂದಾಗಿ ಬರುತ್ತವೆ. ಆದರೆ ಲಾವಣಿ ಯಾರ ಕಡೆಗೆ ನಿಂತಿದೆ ಎಂದು ಕೇಳುವವರಿಗೆ ಒಂದು ಕ್ಷಣವೂ ಅನುಮಾನ ಇರುವುದಿಲ್ಲ. ಎದುರಾಳಿಯ ಹುಕುಮನ್ನು ನಿಜವಾಗಿ ಹೇಳಬೇಕು, ಎದುರಾಳಿಯ ಪರವಾಗಿ ಹೇಳಬೇಕಾಗಿಲ್ಲ. ಈ ವ್ಯತ್ಯಾಸ ಡಪ್ಪು ತುಂತುಣಿ ಹಿಡಿದವನಿಗೆ ಗೊತ್ತಿತ್ತು. ಕ್ಯಾಮೆರಾ ಹಿಡಿದವರಿಗೆ ಹೇಳಿಕೊಡುವಾಗ ಮಾತ್ರ ನಾವು ಇದನ್ನು ಮರೆಸುತ್ತಿದ್ದೇವೆ.

ನಿಪ್ಪಾಣಿಯ ಚಿತ್ರದ ಮೇಲೆ ಇನ್ನೊಂದು ಆಕ್ಷೇಪ ಇದೆ, ಆ ಸಂಜೆಯೂ ಬಂತು: ಕೆಲವು ಘಟನೆಗಳನ್ನು ಹೆಂಗಸರಿಂದ ಮತ್ತೆ ಮಾಡಿಸಿ ತೆಗೆದಿದ್ದಾರೆ, ಹಾಗಾದರೆ ಅದು ನಾಟಕವಲ್ಲವೇ? ಹೌದು, ತಮಗೆ ಆದದ್ದನ್ನು ತಾವೇ ಮತ್ತೆ ಮಾಡಿ ತೋರಿಸಿದ್ದಾರೆ. ಆದರೆ ಇದರಲ್ಲಿ ಮೋಸ ಎಲ್ಲಿದೆ? ಮುಷ್ಕರದ ಮೊದಲ ದಿನ ಅಲ್ಲಿ ಕ್ಯಾಮೆರಾ ಇರಲಿಲ್ಲ. ಇರುವುದೂ ಸಾಧ್ಯವಿಲ್ಲ. ಸಂಘದ ಗುಟ್ಟಿನ ಸಭೆಗೆ ಮೊದಲೇ ಸಿನಿಮಾದವರಿಗೆ ಆಮಂತ್ರಣ ಕಳಿಸುವವರು ಯಾರು? ಪೊಲೀಸರೇ ಆರೋಪಿಯನ್ನು ಸ್ಥಳಕ್ಕೆ ಕರೆದೊಯ್ದು ನಡೆದದ್ದನ್ನು ಮತ್ತೆ ಮಾಡಿಸುತ್ತಾರೆ, ಪತ್ರಿಕೆಯವರು ಅದನ್ನು ‘ಸ್ಥಳ ಮಹಜರು’ ಎಂದು ಗೌರವದಿಂದ ಬರೆಯುತ್ತಾರೆ. ಕೆಲಸದಿಂದ ತೆಗೆಸಿಕೊಂಡ ಹೆಂಗಸು ಅದೇ ಓಣಿಯಲ್ಲಿ ನಿಂತು ‘ಹಿಂಗಾತು’ ಎಂದು ತೋರಿಸಿದರೆ ಅದು ನಾಟಕ.

ಈಗ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ. ಅದನ್ನು ಎತ್ತಿದವರು ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಪೋಸ್ಟ್ ಮಾಸ್ತರರು. ಪಕ್ಷ ವಹಿಸುವುದು ಸರಿ ಎಂದಾದರೆ ದ್ವೇಷದ ಚಿತ್ರ ಮಾಡುವವನೂ ಅದನ್ನೇ ಹೇಳುತ್ತಾನಲ್ಲ? ದಿನಾ ಬೆಳಗ್ಗೆ ವಾಟ್ಸ್ಯಾಪಿಗೆ ಬರುವ ಹತ್ತು ನಿಮಿಷದ ‘ಸತ್ಯ ಘಟನೆ’ಗಳೂ ಸಾಕ್ಷ್ಯಚಿತ್ರ ಆಗುತ್ತವಲ್ಲ? ಮಾಸ್ತರರ ಭಯ ಖರೆ. ಆದರೆ ತಟಸ್ಥತೆ ಅದಕ್ಕೆ ಮದ್ದಲ್ಲ. ನಾಜಿ ಪಕ್ಷದ ಸಮಾವೇಶದ ಮೇಲೆ ಲೆನಿ ರೀಫೆನ್‌ಸ್ಟಾಲ್ 1935ರಲ್ಲಿ ಹೊರತಂದ ‘ಟ್ರಯಂಫ್ ಆಫ್ ದ ವಿಲ್’ ನೋಡಿ. ಮೊದಲಿನ ನಾಲ್ಕು ಅಕ್ಷರ ಬಿಟ್ಟರೆ ಹಿನ್ನೆಲೆಯಲ್ಲಿ ವಿವರಣೆಯ ದನಿಯೇ ಇಲ್ಲ. ಯಾರನ್ನೂ ಬೈಯುವುದಿಲ್ಲ, ವಾದ ಹೂಡುವುದಿಲ್ಲ, ನಡೆದದ್ದನ್ನು ತೋರಿಸುತ್ತೇನೆ ಅಷ್ಟೇ ಎಂಬ ಮುಖ. ಜಗತ್ತಿನ ಅತಿ ಕುಖ್ಯಾತ ಪ್ರಚಾರಚಿತ್ರ ತೊಟ್ಟದ್ದು ತಟಸ್ಥನ ಅಂಗಿಯನ್ನೇ. ಸುಳ್ಳನಿಗೆ ತಟಸ್ಥನ ವೇಷ ಹಾಕುವುದು ಬಹಳ ಸುಲಭ. ‘ನಾನು ಇವರ ಕಡೆ, ಇದು ನನ್ನ ವಿಳಾಸ, ತಪ್ಪಿದ್ದರೆ ಬಂದು ಕೇಳಿ’ ಎಂದು ಎದೆ ಕೊಟ್ಟು ನಿಲ್ಲುವುದು ಅವನಿಗೆ ಕಷ್ಟ. ವಾಟ್ಸ್ಯಾಪಿನ ವಿಡಿಯೋಕ್ಕೆ ವಿಳಾಸ ಇರುತ್ತದೆಯೇ, ಮಾಸ್ತರೇ?

ನನ್ನ ಅಳತೆಗೋಲು ಬೇರೆ. ಪರದೆಯ ಮೇಲೆ ಯಾರ ಮುಖ ಇದೆಯೋ ಅವರು ಮುಂದಿನ ಸಾಲಿನಲ್ಲಿ ಕೂತು ಆ ಚಿತ್ರ ನೋಡಬಲ್ಲರೇ? ನೋಡಿ, ಇದು ಸುಳ್ಳು ಎಂದು ಎದ್ದು ಹೇಳಲು ಅವರಿಗೆ ದಾರಿ ಇದೆಯೇ? ತೆಗೆದವರು ಮತ್ತೆ ಆ ಊರಿಗೆ ಕಾಲಿಡಬಲ್ಲರೇ?

ಈ ಅಳತೆಗೆ ಒಂದು ಉದಾಹರಣೆ ನಿಪ್ಪಾಣಿಯಿಂದ ಒಂದೆರಡು ತಾಸಿನ ದಾರಿಯಲ್ಲೇ ಇದೆ. 2010ರಲ್ಲಿ ಬ್ರಿಟನ್ನಿನ ಒಬ್ಬ ಪತ್ರಕರ್ತೆ ವೈಸ್ ಎಂಬ ವಿದೇಶಿ ಮಾಧ್ಯಮ ಸಂಸ್ಥೆಗಾಗಿ ದೇವದಾಸಿಯರ ಮೇಲೆ ಚಿತ್ರ ಮಾಡಿದಳು. ಉತ್ತರ ಕರ್ನಾಟಕ, ಸಾಂಗ್ಲಿ ಎಲ್ಲ ಸುತ್ತಿದಳು. ‘ದೇವರ ವೇಶ್ಯೆಯರು’ ಎಂಬ ಅರ್ಥದ ಹೆಸರು ಇಟ್ಟಳು. ಇಂಟರ್‌ನೆಟ್ಟಿನಲ್ಲಿ ಜಗತ್ತೆಲ್ಲ ನೋಡಿತು. ಸಾಂಗ್ಲಿಯಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಎಂಬ ಹೆಂಗಸರ ಸಂಘಟನೆ ಇದೆ. ಆ ಚಿತ್ರದಲ್ಲಿ ತಮ್ಮವರನ್ನು ಹೇಗೆ ತೋರಿಸಿದ್ದಾರೆ ಎಂದು ಅವರು ಕೂತು ನೋಡಿದರು. ನೋಡಿ, ಅಳುತ್ತ ಕೂರಲಿಲ್ಲ. ತಾವೇ ಒಂದು ವಿಡಿಯೋ ಮಾಡಿ, ಕ್ಯಾಮೆರಾದ ಕಡೆ ತಿರುಗಿ, ನಮ್ಮ ಮಾತನ್ನು ತಿರುಚಿದಿರಿ, ಕಾಯಿಲೆಯ ಗುಟ್ಟನ್ನು ಊರಿಗೆಲ್ಲ ಹೇಳಿದಿರಿ, ನಮ್ಮನ್ನು ಕೇಳಿದಿರಾ ಎಂದು ತರಾಟೆಗೆ ತೆಗೆದುಕೊಂಡರು. ಗಮನಿಸಿ, ಅವರು ಯಾರೂ ‘ನಿಮ್ಮ ಚಿತ್ರದಲ್ಲಿ ಬ್ಯಾಲೆನ್ಸ್ ಇಲ್ಲ’ ಎಂದು ದೂರಲಿಲ್ಲ. ನಮ್ಮ ಜೊತೆ ನೀವು ಇರಲಿಲ್ಲ ಎಂಬುದು ಅವರ ದೂರು. ಆನಂದ ಪಟವರ್ಧನರ ‘ಬಾಂಬೆ ಅವರ್ ಸಿಟಿ’ಯಲ್ಲಿ, 1985ರ ಚಿತ್ರ ಅದು, ಗುಡಿಸಲು ಕಳೆದುಕೊಂಡ ಹೆಂಗಸು ಕ್ಯಾಮೆರಾದವರನ್ನೇ ಬೈಯುತ್ತಾಳೆ: ಬಡವರ ಫೋಟೋ ತೆಗೆದು ಹೆಸರು ಮಾಡಿಕೊಳ್ಳುತ್ತೀರಿ, ನಮಗೇನು ಮಾಡುತ್ತೀರಿ ಎಂಬ ಧಾಟಿ. ಪಟವರ್ಧನರು ಅದನ್ನು ಕತ್ತರಿಸದೆ ಚಿತ್ರದಲ್ಲೇ ಉಳಿಸಿದರು. ಸಾಕ್ಷ್ಯಚಿತ್ರದ ಮೇಲೆ ನಾನು ಕೇಳಿದ ಅತ್ಯಂತ ಖಾರವಾದ, ನಿಜವಾದ ವಿಮರ್ಶೆ ಅದು. ಯಾವ ಜ್ಯೂರಿಯೂ ಅಷ್ಟು ದೂರ ಹೋಗಲಿಲ್ಲ.

ಬ್ಯಾಲೆನ್ಸಿನ ಮಾತಿಗೆ ಒಬ್ಬಳು ತಂಗಿ ಇದ್ದಾಳೆ, ನೋಡಲು ಮೆತ್ತಗೆ: ಸಾಕ್ಷ್ಯಚಿತ್ರ ದನಿ ಇಲ್ಲದವರಿಗೆ ದನಿ ಕೊಡುತ್ತದೆ. ಪ್ರಶಸ್ತಿ ಸಮಾರಂಭದ ಶಾಲು ಹೊದಿಸುವಾಗ ಇದನ್ನು ಹೇಳದಿದ್ದರೆ ಶಾಲು ಹೆಗಲಲ್ಲಿ ನಿಲ್ಲುವುದಿಲ್ಲ. ನಿಪ್ಪಾಣಿಯ ಬಗ್ಗೆ ಈ ಮಾತು ಹೇಳುವವರಿಗೆ ಊರೇ ಗೊತ್ತಿಲ್ಲ. 1925ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಪರಿಷತ್ತಿಗೆ ಬಂದು ಮಾತಾಡಿದ ಊರು ಇದು. 1981ರ ಮಾರ್ಚ್‌ನಲ್ಲಿ ಶರದ ಜೋಶಿಯವರ ಶೇತಕರಿ ಸಂಘಟನೆಯ ಕರೆಗೆ ತಂಬಾಕು ಬೆಳೆಗಾರರು ಪುಣೆ ಬೆಂಗಳೂರು ಹೆದ್ದಾರಿಯ ಮೇಲೇ ಬಿಡಾರ ಹೂಡಿ ಕೂತದ್ದು, ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ರೈತರು ಬಿದ್ದದ್ದು ಇಲ್ಲೇ. ಯುಗಾಂತರ್ ತಂಡ ಬರುವ ಮೊದಲೇ ಮೂರು ಸಾವಿರ ಹೆಂಗಸರು ಸಂಘದ ಚೀಟಿ ಹರಿಸಿದ್ದರು. ದನಿ ಇಲ್ಲದವರು ಯಾರು ಇಲ್ಲಿ? ದನಿ ಬೇಕಾದಷ್ಟಿತ್ತು, ನಮ್ಮ ಕಿವಿಗೆ ಮೇಣ ಹಾಕಿತ್ತು. ಚಿತ್ರತಂಡದವರು ದನಿ ಕೊಡಲು ಬಂದವರಲ್ಲ, ಕೇಳಿಸಿಕೊಳ್ಳಲು ಬಂದವರು. ಎರಡರ ನಡುವೆ ದಾನಿಗೂ ಜೊತೆಗಾರನಿಗೂ ಇರುವಷ್ಟು ದೂರ ಇದೆ.

ಕನ್ನಡದವರಾದ ನಾವೂ ಇಲ್ಲಿ ಕೊಂಚ ತಲೆ ತಗ್ಗಿಸಬೇಕು. ಗಡಿ ತಕರಾರಿನ ಮೇಲಿನ 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಬರೆದುಕೊಟ್ಟಿತ್ತು. ಉಳಿದ ಶಿಫಾರಸುಗಳ ಜೊತೆ ಅದೂ ಹಾಗೇ ಉಳಿಯಿತು, ಊರು ನಮ್ಮಲ್ಲೇ ಉಳಿಯಿತು. ಅಂದಿನಿಂದ ನಮಗೆ ನಿಪ್ಪಾಣಿ ಅಂದರೆ ಒಂದು ಗೆರೆ. ನವೆಂಬರ್ ಒಂದರಂದು ಯಾವ ಬಾವುಟ, ಬೋರ್ಡಿನ ಮೇಲೆ ಯಾವ ಅಕ್ಷರ, ಇಷ್ಟರಲ್ಲೇ ನಮ್ಮ ಕುತೂಹಲ ಮುಗಿಯುತ್ತದೆ. ಕರ್ನಾಟಕದ ನೆಲದಲ್ಲಿ, ಬೆಂಗಳೂರಿನ ತಂಡ ತೆಗೆದ, ಕರ್ನಾಟಕದ ಕಾರ್ಮಿಕ ಹೆಂಗಸರ ಈ ಚಿತ್ರವನ್ನು ಕನ್ನಡ ಚಿತ್ರರಂಗದ ಇತಿಹಾಸ ಬರೆಯುವವರು ಎಷ್ಟು ಜನ ಲೆಕ್ಕಕ್ಕೆ ಹಿಡಿದರು? ಮಾತು ಮರಾಠಿಯಾದ್ದರಿಂದ ನಮ್ಮದಲ್ಲ, ಊರು ಕರ್ನಾಟಕದ್ದಾದ್ದರಿಂದ ಮರಾಠಿಯವರದೂ ಅಲ್ಲ. ಕೊನೆಗೆ ಅದರ ಸುರುಳಿಯನ್ನು ಜೋಪಾನ ಮಾಡಿ ಡಿಜಿಟಲ್ ಮಾಡಿದ್ದು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ. ವಖಾರಿಯ ಘಾಟು ಜರ್ಮನಿಗೆ ಹೋಗಿ ತೊಳೆಸಿಕೊಂಡು ಬರಬೇಕಾಯಿತು. ಕ್ಯಾಮೆರಾ ಹಿಡಿದಿದ್ದ ನವರೋಜ್ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ನಮ್ಮಲ್ಲಿ ಬಂದ ಬರಹಗಳಲ್ಲಿ ಅವರ ಮೋಟರ್‌ಸೈಕಲ್ಲಿನ ಹುಚ್ಚು, ಜಾಜ್ ಸಂಗೀತದ ಹುಚ್ಚು ಎಲ್ಲ ಇತ್ತು. ನಿಪ್ಪಾಣಿಯನ್ನು ನಾನು ಹುಡುಕಿ ಹುಡುಕಿ ದಣಿದೆ.

ಆ ಸಂಜೆಯ ಸಭೆ ಮುಗಿದದ್ದು ಹೀಗೆ. ಚರ್ಚೆ ಬ್ಯಾಲೆನ್ಸಿನ ಸುತ್ತಲೇ ಸುತ್ತುತ್ತಿತ್ತು. ಅಧ್ಯಾಪಕರೂ ನಾನೂ ಒಬ್ಬರಿಗೊಬ್ಬರು ಸೋಲುವವರಲ್ಲ. ಬಾಗಿಲ ಹತ್ತಿರ ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು, ಮೊಮ್ಮಗಳ ಜೊತೆ ಬಂದಿದ್ದಳು. ಚಿತ್ರ ಓಡುವಾಗಲೇ ನಾನು ಅವಳನ್ನು ಗಮನಿಸಿದ್ದೆ. ಗೋಡೆಯ ಮೇಲೆ ಸಾಣಿಗಿ ಆಡಲು ಶುರುವಾಗಿ ಪುಡಿ ಮೇಲೆದ್ದಾಗ ಅವಳ ಕೈ ತಾನಾಗಿ ಹೋಗಿ ಸೆರಗಿನ ಚುಂಗನ್ನು ಮೂಗಿಗೆ ಒತ್ತಿ ಹಿಡಿದಿತ್ತು. ದೃಶ್ಯ ಬದಲಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಇತ್ತು.

ನಮ್ಮ ವಾದದ ನಡುವೆ ಅವಳು ಕೈ ಎತ್ತಿದಳು.

“ತಮ್ಮಾ, ಅದನ್ನ ಇನ್ನೊಮ್ಮಿ ಹಾಕ್ತೀಯೇನಪಾ? ಪೂರಾ ಬ್ಯಾಡ. ಬಾಯ್ಗೋಳು ಎಲ್ಲಾ ಕೂಡಿ ಕುಂತಿದ್ರಲಾ, ಅಷ್ಟ.”

ಲ್ಯಾಪ್‌ಟಾಪಿನ ಹತ್ತಿರ ಇದ್ದವರು ಅಧ್ಯಾಪಕರೇ. “ಆತು ಆಯಿ, ಹಾಕ್ತೀನಿ ತಡೀ” ಎಂದು ಹಿಂದಕ್ಕೆ ಸರಿಸಿದರು. ಯಾರೋ ಲೈಟು ಆರಿಸಿದರು. ಮುದುಕಿ ಎದ್ದು ಗೋಡೆಯ ಹತ್ತಿರಕ್ಕೆ ಹೋದಳು, ಚಿತ್ರದ ಅರ್ಧ ಅವಳ ಬೆನ್ನ ಮೇಲೆಯೇ ಬೀಳುತ್ತಿತ್ತು. ಬೆರಳು ಒಂದು ಮುಖದ ಹತ್ತಿರ ಹೋಯಿತು, ಅಷ್ಟರಲ್ಲಿ ಆ ಮುಖ ಸರಿದುಹೋಯಿತು.

“ಹಿಂದಕ ತಗೋ, ಹಿಂದಕ ತಗೋ. ಮೂಲ್ಯಾಗ ಕುಂತಾಕಿ ಯಾರಂತ ನೋಡೂಣು.”

ಅವರು ಮತ್ತೆ ಹಿಂದಕ್ಕೆ ತಂದರು. ಈ ಸಲ ನಿಧಾನಕ್ಕೆ ಬಿಟ್ಟು, ಅವಳು “ತಡೀ” ಅಂದಲ್ಲಿ ನಿಲ್ಲಿಸಿದರು. ಮೂಲೆಯ ಹೆಂಗಸಿನ ಮುಖ ಅರ್ಧ ಸೆರಗಿನಲ್ಲಿ ಮುಚ್ಚಿತ್ತು. ಮುದುಕಿ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದಳು.